ಹುರುಳಿಕಾಳಿನ ಬಣ್ಣದ ಸೀರೆ

೨೨೩೧ನೇ ಇಸವಿ, ಎರಡನೇ ಬೇಸಗೆಯ ನಲವತ್ತೊಂದನೇ ದಿನ
ಹೊಸ ಮಳವಳ್ಳಿ, ಏಳನೇ ಅಂತಸ್ತು

ನಿಂಗಾಜಮ್ಮನವರಿಗೆ ದವನ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ಕಾಗದವನ್ನು ಮುದುರಿ ಎಸೆಯಬೇಡಿ ತಾಯಿ. ನಮಗೆ ವರ್ಷಕ್ಕೆ ಎರಡು ಬೇಸಗೆ. ಅದೊಂದು ದೊಡ್ಡ ಕಥೆ, ಈಗ ಬೇಡ. ನೀವು ಐವತ್ತರ ಆಸುಪಾಸಿನವರು, ನಾನು ಎಪ್ಪತ್ತು ದಾಟಿದ ಮುದುಕಿ. ಆದರೂ ಕಾಲದ ಲೆಕ್ಕದಲ್ಲಿ ನೀವು ನನ್ನ ಅಜ್ಜಿಯ ಮುತ್ತಜ್ಜಿಗೆ ಸಮ, ಅದಕ್ಕೇ ತಾಯಿ ಎಂದು ಕರೆಯುತ್ತೇನೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಾಲದ ಧಾರಾವಾಹಿಗಳಿಂದ. ಒಂದು ಮಾತು ಅತ್ತೆಯ ಗತ್ತಿನಲ್ಲಿ ಬಂದೀತು, ಇನ್ನೊಂದು ಅಳುವ ಸೊಸೆಯ ರಾಗದಲ್ಲಿ. ಹೇಗೋ ಹೊಂದಿಸಿಕೊಂಡು ಓದಿ.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಎಪ್ಪತ್ತು ತುಂಬಿದವರಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಓಲೆ ಕಳಿಸುವ ಹಕ್ಕಿದೆ. ಅದು ತಲುಪುತ್ತದೋ ಇಲ್ಲವೋ ತಿಳಿಯದು, ಉತ್ತರವಂತೂ ಬರುವುದಿಲ್ಲ. ನೂರೈವತ್ತು ವರ್ಷದ ಈಚೆಗಿನ ಯಾರಿಗೂ ಅದು ಹೋಗುವುದೂ ಇಲ್ಲ. ಹೋಗುವಂತಿದ್ದರೆ ನಿಮಗೇಕೆ ಬರೆಯುತ್ತಿದ್ದೆ? ಹನ್ನೆರಡು ವರ್ಷದ ಹಿಂದಿನ ನನಗೇ ಬರೆದು, ಆ ದವನಳ ಕೆನ್ನೆಗೆ ಬಾರಿಸಿದ ಹಾಗೆ ನಾಲ್ಕು ಮಾತು ಹೇಳುತ್ತಿದ್ದೆ.

ನಮ್ಮ ಉಡುಗೆಯ ವಿಷಯ ಮೊದಲು ಹೇಳಬೇಕು. ನಮ್ಮಲ್ಲಿ ಬಟ್ಟೆಯೇ ಇಲ್ಲ. ನೂಲು, ಮಗ್ಗ, ದರ್ಜಿ, ಗುಂಡಿ, ಒಗೆಯುವ ಕಲ್ಲು ಯಾವುದೂ ಇಲ್ಲ. ಸ್ನಾನ ಮಾಡಿ ಉಡುಗೂಡು ಎಂಬ ಬೀರುವಿನಂಥದ್ದರೊಳಗೆ ನಿಂತರೆ ಮೈಮೇಲೆ ಒಂದು ತೆಳುಪೊರೆ ಬಂದು ಕೂರುತ್ತದೆ. ಅದಕ್ಕೆ ಮೈಬೆಳಕು ಎಂದು ಹೆಸರು. ಕೇಳಿದ ಬಣ್ಣ, ಕೇಳಿದ ಅಂಚು ಮೂಡಿಸುತ್ತದೆ. ಅದಕ್ಕೆ ಸುಕ್ಕಿಲ್ಲ, ಕಲೆಯಿಲ್ಲ, ಬೆವರಿನ ವಾಸನೆಯಿಲ್ಲ. ಮಾಸುವುದಿಲ್ಲ, ಹರಿಯುವುದಿಲ್ಲ. ಏನನ್ನೂ ಕೇಳದೆ ಸುಮ್ಮನೆ ನಿಂತರೆ ಗೂಡೇ ಒಂದು ಬೂದುನೀಲಿ ಕೊಟ್ಟು ಕಳಿಸುತ್ತದೆ. ಇದು ಮನೆಬಣ್ಣ. ಮನೆಬಣ್ಣದಲ್ಲಿ ಓಡಾಡುವ ಹೆಣ್ಣುಮಕ್ಕಳೆಂದರೆ ನಮ್ಮವರಿಗೆ ಬಹಳ ಮೆಚ್ಚುಗೆ. ಹುಡುಗಿಗೆ ಆಸೆಬುರುಕತನವಿಲ್ಲ, ನೆಮ್ಮದಿಯಾಗಿದ್ದಾಳೆ, ಒಳ್ಳೆಯ ಸಂಸ್ಕಾರ ಎನ್ನುತ್ತಾರೆ. ನಾನೂ ಎನ್ನುತ್ತಿದ್ದೆ.

ನನ್ನ ಮಗಳ ಹೆಸರು ಇರುವಂತಿಗೆ. ಈಗ ಎಲ್ಲೂ ಅರಳದ ಹೂಗಳ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮ ವಾಡಿಕೆ. ಅವಳು ಉಡುಗೂಡು ಹೊಕ್ಕರೆ ಅರ್ಧ ಗಂಟೆ ಆಚೆ ಬರುತ್ತಿರಲಿಲ್ಲ. ನೇರಳೆ ಮೈ, ಕಿತ್ತಳೆ ತೋಳು, ಬೆನ್ನ ತುಂಬ ಮೀನಿನ ಚಿತ್ತಾರ. "ಏನೇ ಇದು ವೇಷ, ಕೋಲೆ ಬಸವ ಇದ್ದ ಹಾಗಿದ್ದೀಯಲ್ಲೇ" ಎಂದು ನಿಮ್ಮ ಕಾಲದ ಬೈಗುಳದಲ್ಲೇ ರೇಗಿಸುತ್ತಿದ್ದೆ. ಅವಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ನಗುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಮನೆಬಣ್ಣಕ್ಕೆ ಬಂದಳು. ನಗು ಹಾಗೇ ಇತ್ತು, ಊಟ ತಿಂಡಿ ಹಾಗೇ ಇತ್ತು, ಬಣ್ಣವೊಂದನ್ನು ಕೇಳುವುದು ನಿಂತಿತು. ಹನ್ನೊಂದು ತಿಂಗಳು ಒಂದೇ ಬೂದುನೀಲಿ. ಅಂತೂ ಮಹಾರಾಯ್ತಿಗೆ ಬುದ್ಧಿ ಬಂತು ಎಂದು ನಾನು ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿಕೊಂಡೆ. ಕೊನೆಗೊಂದು ಬೆಳಿಗ್ಗೆ ಗಿಳಿಹಸಿರು ಮೈಗೆ ಕೆಂಪಂಚು ಕೇಳಿ ಆಚೆ ಬಂದಳು. ಅಬ್ಬ, ಮನೆಗೆ ಹಬ್ಬ ಬಂತು ನೋಡು ಎಂದು ನಾನು ದೃಷ್ಟಿ ತೆಗೆದೆ. ಆ ದಿನವೇ ಅವಳು ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಹೇಗೆ ಎಂದು ಬರೆಯುವುದಿಲ್ಲ. ಅವಳ ಮಗಳು ಕೇದಗೆಗೆ ಆಗ ನಾಲ್ಕು ವರ್ಷ. ಬಂದವರೆಲ್ಲ, ಗೊತ್ತಾಗುವಂಥದ್ದು ಏನೂ ಇರಲಿಲ್ಲವಲ್ಲ ಎಂದರು. ಹನ್ನೆರಡು ವರ್ಷ ಆ ಮಾತನ್ನು ಹಿಡಿದುಕೊಂಡೇ ನಾನು ಬದುಕಿದೆ.

ನನ್ನ ಕೆಲಸ ನೋಟಮನೆಯಲ್ಲಿ. ಹಳೆಯ ಧಾರಾವಾಹಿಗಳನ್ನು ನೋಡಿ, ಒಂದೊಂದು ಕಂತಿನಲ್ಲೂ ಏನಾಯಿತು ಎಂದು ಎರಡು ಸಾಲು ಬರೆದಿಡಬೇಕು. ಈ ವರ್ಷ ನನ್ನ ಪಾಲಿಗೆ ಬಂದದ್ದು ನಿಮ್ಮ 'ಎರಡು ಬಾಗಿಲ ಮನೆ', ಸಾವಿರದ ನೂರ ನಲವತ್ತು ಕಂತು. ಮೊದಲು ಬೈದುಕೊಂಡೆ, ಸುಳ್ಳೇಕೆ ಹೇಳಲಿ. ಆ ಅತ್ತೆ ರೇಷ್ಮೆ ಸೀರೆ, ಸೊಂಟದ ಡಾಬು ಸಮೇತ ಮಲಗುತ್ತಾಳಲ್ಲ, ಅವಳಿಗೆ ಚುಚ್ಚುವುದಿಲ್ಲವೇ? ಒಂದು ಬಾಗಿಲು ತೆರೆಯುವುದಕ್ಕೆ ಮೂರು ನಿಮಿಷ, ಅದಕ್ಕೆ ಗುಡುಗಿನ ಸದ್ದು ಬೇರೆ! ಮಾತಿಗಂತೂ ನಾನು ಕಿವಿ ಕೊಡುವುದನ್ನೇ ಬಿಟ್ಟೆ. ಕಿವಿ ಮುಚ್ಚಿದ ಮೇಲೆ ಕಣ್ಣಿಗೆ ಕೆಲಸ ಸಿಕ್ಕಿತು. ಚಿಕ್ಕ ಸೊಸೆಯ ಸೀರೆಯ ಅಂಚು ಹದಿನೈದು ದಿನಕ್ಕೊಮ್ಮೆ ಒಂದು ಬೆರಳು ಅಗಲವಾಗುತ್ತಿತ್ತು. ಅದು ಅತ್ತೆಯ ಅಂಚಿನಷ್ಟು ಅಗಲವಾದ ವಾರವೇ ಅವಳು ಬೀಗದ ಕೈಗೆ ಕೈಹಾಕಿದಳು. ಹಿರಿಮಗನ ಶರ್ಟಿನ ಕಾಲರ್ ಒಂದು ದಿನ ಇಸ್ತ್ರಿ ಇಲ್ಲದೆ ಬಂತು. ಗಂಡ ಹೆಂಡಿರ ನಡುವೆ ಮಾತು ನಿಂತಿದೆ ಎಂದು ಕಥೆ ಹೇಳಿದ್ದು ಇಪ್ಪತ್ತು ಕಂತು ಕಳೆದ ಮೇಲೆ. ಯಾರಿದು, ಕಥೆಗಿಂತ ಮುಂಚೆ ಎಲ್ಲವನ್ನೂ ಬಲ್ಲವರು ಎಂದು ಕೊನೆಯಲ್ಲಿ ಓಡುವ ಹೆಸರುಗಳನ್ನು ನಿಲ್ಲಿಸಿ ಓದಿದೆ. ಡ್ರೈವರುಗಳ ಹೆಸರಿಗಿಂತ ಸ್ವಲ್ಪ ಮೇಲೆ 'ಕಾಸ್ಟ್ಯೂಮ್ಸ್: ನಿಂಗಾಜಮ್ಮ' ಎಂದಿತ್ತು.

ಆಮೇಲೆ ನಾನು ಹಿರಿಸೊಸೆ ವಾರಿಜಳನ್ನು ನೋಡತೊಡಗಿದೆ. ಅವಳ ಮಾತೆಲ್ಲ ನಗುಮಾತು. ಮನೆಗೆಲ್ಲ ಅವಳೇ ತಮಾಷೆ ಮಾಡುವವಳು. ಆದರೆ ನೀವು ಮೊದಲು ಅವಳ ಭುಜದ ಪಿನ್ನು ತೆಗೆದಿರಿ. ಆಮೇಲೆ ಕೈತುಂಬ ಇದ್ದ ಬಳೆ ಎರಡಕ್ಕೆ ಇಳಿಯಿತು. ರವಿಕೆ ಒಂದು ಬಣ್ಣ, ಸೀರೆ ಒಂದು ಬಣ್ಣ. ಕೊನೆಗೆ ಹುರುಳಿಕಾಳಿನ ಬಣ್ಣದ ಒಂದು ನೂಲಿನ ಸೀರೆ ಬಂತು, ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಇದೇನಪ್ಪ, ಮನೆ ತುಂಬ ರೇಷ್ಮೆ ಇರುವಾಗ ಇವಳಿಗೊಂದೇ ಈ ಚಿಂದಿ ಎಂದು ನನಗೂ ಅನ್ನಿಸಿತು. ಯಾಕೆಂದು ಆಗ ಹೊಳೆಯಲಿಲ್ಲ.

ಇನ್ನೂರ ತೊಂಬತ್ತಾರನೇ ಕಂತಿನ ಜೊತೆಗೆ, ಕ್ಯಾಮೆರಾ ನಿಲ್ಲಿಸಲು ಮರೆತ ಒಂದು ತುಣುಕು ಉಳಿದುಬಂದಿದೆ. ಅದರಲ್ಲಿ ನೀವಿದ್ದೀರಿ ತಾಯಿ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು ನಿಂತಿದ್ದೀರಿ. ಮ್ಯಾನೇಜರು ಎಲ್ಲರ ಮುಂದೆ ಬೈಯುತ್ತಾನೆ: "ಏನ್ರೀ ನಿಂಗಾಜಮ್ಮ, ಮತ್ತೆ ಅದೇ ಸೀರೆನಾ? ನೋಡೋರು ಏನಂತಾರೆ? ಆ ಗುಲಾಬಿದು ಉಡಿಸಿ, ಪ್ರೋಮೋಗೆ ಬೇಕು." ನೀವು ಪಿನ್ನು ತೆಗೆದು ನಿಧಾನವಾಗಿ ಹೇಳುತ್ತೀರಿ: "ಅವ್ಳು ಎಲ್ಡು ವಾರದಿಂದ ಕನ್ನಡಿ ಮುಂದೆ ನಿಂತಿಲ್ಲ ಕಣಪ್ಪ. ಸೀರೆ ಯಾಕ್ ಬದ್ಲಾಯ್ಸಾಳು?" ಸ್ಕ್ರಿಪ್ಟಿನಲ್ಲಿ ಹಾಗೇನೂ ಇಲ್ಲವಲ್ಲ ಎಂದು ಅವನು ರೇಗುತ್ತಾನೆ. "ಬರ್ಯೋರ್ಗೆ ಅವ್ಳು ಯೋಳಿಲ್ಲ ಬುಡಪ್ಪ" ಎನ್ನುತ್ತೀರಿ. ಸುತ್ತ ಇದ್ದವರು ನಗುತ್ತಾರೆ. ನೀವು ನಗುವುದಿಲ್ಲ. ನಾಳೆಯಿಂದ ಗುಲಾಬಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಅವನು ಹೋಗುತ್ತಾನೆ. ನೀವು ಗುಲಾಬಿ ಸೀರೆಯನ್ನು ಕೈಗೆತ್ತಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತೀರಿ. ಅಲ್ಲಿಗೆ ತುಣುಕು ಮುಗಿಯುತ್ತದೆ.

ನಾನು ಎದ್ದು ಮನೆಗೆ ಓಡಿದೆ. ಎಪ್ಪತ್ತೊಂದರ ಮಂಡಿಯಲ್ಲಿ ಏಳು ಅಂತಸ್ತು ಹತ್ತಿದ್ದು ನೆನಪೇ ಇಲ್ಲ. ಯಾಕೆಂದರೆ ಕೇದಗೆಗೆ ಈಗ ಹದಿನಾರು, ಮತ್ತು ಅವಳು ಮನೆಬಣ್ಣದಲ್ಲಿದ್ದಳು. ಎಷ್ಟು ದಿನದಿಂದ ಎಂಬುದು ನನಗೆ ಗೊತ್ತಿರಲಿಲ್ಲ. ಹೋದ ವಾರವಷ್ಟೇ, ನಮ್ಮ ಹುಡುಗಿ ದೊಡ್ಡವಳಾದಳು, ತೂಕ ಬಂತು ಎಂದು ಯಾರಿಗೋ ಹೇಳಿದ್ದೆ. ಅದೇ ಬಾಯಿ ತಾಯಿ, ಮಗಳನ್ನು ಕಳೆದುಕೊಂಡ ಅದೇ ಬಾಯಿ! ಉಡುಗೂಡನ್ನು ಕೇಳಿದೆ. ಮೂವತ್ತೆಂಟು ದಿನ ಎಂದಿತು.

ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಏನಾಯ್ತು ಮಗಾ ಎಂದೆ. "ಏನಿಲ್ಲಜ್ಜಿ, ಚೆನ್ನಾಗೇ ಇದೀನಲ್ಲ" ಎಂದು ನಕ್ಕಳು. ಅವಳಮ್ಮನ ನಗುವೇ ಅದು. ಬೇರೆ ದಿನವಾಗಿದ್ದರೆ ಎದ್ದು ಅಡುಗೆಗೆ ಹೋಗುತ್ತಿದ್ದೆ. ಅವತ್ತು ಎದುರಿಗೆ ನೆಲದ ಮೇಲೆ ಕೂತು ನಿಮ್ಮ ಮಾತನ್ನೇ ಹೇಳಿದೆ: "ನೀನು ಮೂವತ್ತೆಂಟು ದಿನದಿಂದ ಕನ್ನಡಿ ಮುಂದೆ ನಿಂತಿಲ್ಲ ಕಣೇ." ಅವಳ ಮುಖ ಮೊದಲು ಗಟ್ಟಿಯಾಯಿತು, ಆಮೇಲೆ ಒಡೆಯಿತು. ನನ್ನ ತೊಡೆಯ ಮೇಲೆ ಬಿದ್ದು ಮಧ್ಯಾಹ್ನದ ತನಕ ಅತ್ತಳು. ನಡುನಡುವೆ ಹೇಳಿದ್ದು ಒಂದೇ ಮಾತು: "ಯಾರೂ ನೋಡ್ಲಿಲ್ಲ ಅಜ್ಜಿ, ಯಾರೂ ನೋಡ್ಲಿಲ್ಲ." ಎದೆಯೊಳಗೆ ಅವಳು ಏನನ್ನು ಹೊತ್ತುಕೊಂಡಿದ್ದಳೋ ಅದನ್ನು ಇಲ್ಲಿ ಬರೆಯಲಾರೆ, ಅದು ಅವಳದು. ಅಮ್ಮನ ಹಾದಿಯನ್ನು ಅವಳೂ ಲೆಕ್ಕ ಹಾಕಿದ್ದಳು ಎಂಬುದಷ್ಟು ನಿಮಗೆ ಸಾಕು.

ದಿನ ಬಿಟ್ಟು ದಿನ ವೈದ್ಯೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ವಾಸಿಯಾದಳು ಎಂದು ಬರೆಯುವ ಧೈರ್ಯ ನನಗಿಲ್ಲ. ಅವಳನ್ನೂ ನೋಟಮನೆಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡು ಉಳಿದ ಕಂತುಗಳನ್ನು ನೋಡುತ್ತೇನೆ. ಅತ್ತೆಯ ಡಾಬು ಕಂಡರೆ ಅವಳಿಗೆ ನಗು. ಮುನ್ನೂರ ನಲವತ್ತನೇ ಕಂತಿನಲ್ಲಿ ಮಾತ್ರ ನನಗೆ ಕೂರಲಾಗಲಿಲ್ಲ. ಮನೆಯಲ್ಲಿ ಹಬ್ಬ, ವಾರಿಜ ಮದುವೆಯ ಸೀರೆಯುಟ್ಟು, ಭುಜಕ್ಕೆ ಪಿನ್ನು ಹಾಕಿ, ಕೈತುಂಬ ಬಳೆ ತೊಟ್ಟು ಮೆಟ್ಟಿಲಿಳಿದು ಬಂದಳು. ಎಲ್ಲರೂ ಹೊಗಳಿದರು, ಅತ್ತೆ ದೃಷ್ಟಿ ತೆಗೆದಳು. ಮಾರನೆಯ ಕಂತಿನಲ್ಲಿ ವಾರಿಜ ಇರಲಿಲ್ಲ. ನನ್ನ ಇರುವಂತಿಗೆಯ ಗಿಳಿಹಸಿರು ಏನೆಂದು ಆಗ ಗೊತ್ತಾಯಿತು. ಗೂಡನ್ನು ಕೇಳಿ ಅವಳು ಪಡೆದುಕೊಂಡದ್ದು ನನ್ನಿಂದ ಬೀಳ್ಕೊಳ್ಳುವ ಬಣ್ಣ. ನಾನು ಅದಕ್ಕೆ ದೃಷ್ಟಿ ತೆಗೆದಿದ್ದೆ.

ಹೀಗಾಗಿ, ನಿನ್ನೆ ಬೆಳಿಗ್ಗೆ ಕೇದಗೆ ಗೂಡಿನೊಳಗೆ ನಿಂತು ಬಣ್ಣವೊಂದನ್ನು ಕೇಳಿದಾಗ ನಾನು ಗೂಡಿನ ಬಾಗಿಲಿಗೆ ಓಡಿಬಂದೆ. ಅವಳು ಕೇಳಿದ್ದು ಹುರುಳಿಕಾಳಿನ ಬಣ್ಣ. ಗೂಡಿಗೆ ಹುರುಳಿ ಗೊತ್ತಿಲ್ಲ. ಹತ್ತು ಸಲ ತಪ್ಪು ಬಣ್ಣ ಕೊಟ್ಟಿತು, ಹತ್ತು ಸಲವೂ ಬೈದು ವಾಪಸ್ಸು ಕಳಿಸಿದಳು. ಅವಳ ಬೈಗುಳ ಕೇಳಿ ನನಗೆ ಸ್ವಲ್ಪ ಉಸಿರು ಬಂತು. ಆದರೂ ದಿನವಿಡೀ ಅವಳ ಬೆನ್ನು ಬಿಡಲಿಲ್ಲ. ಅಜ್ಜಿ, ಸ್ನಾನಕ್ಕೂ ಬರ್ತೀಯಾ ಎಂದು ಕೇಳಿದಳು. ಬಾಗಿಲಾಚೆ ಕೂತಿರುತ್ತೇನೆ ಎಂದೆ. ಕೂತಿದ್ದೆ.

ಇಷ್ಟಕ್ಕೆ ಈ ಓಲೆ. ದಿನ ಎಣಿಸಿ, ನೀವು ಗುಲಾಬಿ ಸೀರೆ ಹಿಡಿದು ನಿಂತ ಸಂಜೆಗೆ ತಲುಪುವಂತೆ ಕಳಿಸುತ್ತಿದ್ದೇನೆ. ಮಾರನೆಯ ಕಂತಿನಲ್ಲಿ ವಾರಿಜ ಏನು ಉಟ್ಟಿದ್ದಳು ಎಂದು ನೀನೇ ನೋಡಿದ್ದೀಯಲ್ಲ, ಮತ್ತೇಕೆ ಬೇಡುತ್ತೀಯ ಎಂದು ಕೇದಗೆ ಕೇಳುತ್ತಾಳೆ. ನೋಡಿದ್ದೇನೆ, ಅದೇ ಹುರುಳಿಕಾಳಿನ ಸೀರೆ. ಆದರೆ ಆ ಸಂಜೆಯಿಂದ ಬೆಳಗಾಗುವಷ್ಟರಲ್ಲಿ ನೀವು ಮನಸ್ಸು ಗಟ್ಟಿ ಮಾಡಿಕೊಂಡದ್ದು ಹೇಗೆ ಎಂಬುದು ಯಾವ ತುಣುಕಿನಲ್ಲೂ ಇಲ್ಲ. ಒಂದು ವೇಳೆ ಈ ಕಾಗದ ಓದಿಯೇ ಆಗಿದ್ದರೆ? ನಾನು ಬರೆಯದೆ ಬಿಟ್ಟು, ನೀವು ಸೋತು ಗುಲಾಬಿ ಉಡಿಸಿಬಿಟ್ಟರೆ? ಆಗ ಆ ಮದುವೆ ಸೀರೆಯ ಅರ್ಥ ನನಗೆ ಹೊಳೆಯುತ್ತಿರಲಿಲ್ಲ, ಕೇದಗೆ ಬಣ್ಣ ಕೇಳಿದ ದಿನ ಅವಳನ್ನು ಕಾಯಬೇಕೆಂದೂ ತಿಳಿಯುತ್ತಿರಲಿಲ್ಲ. ಮಗಳ ವಿಷಯದಲ್ಲಿ ಉದಾಸೀನ ಮಾಡಿದ್ದು ಸಾಕು ತಾಯಿ, ಮೊಮ್ಮಗಳ ವಿಷಯದಲ್ಲಿ ಮಾಡಲಾರೆ.

ಅವರು ನಗಲಿ, ಬೈಯಲಿ. ಆ ಹುಡುಗಿ ಯಾರಿಗೂ ಹೇಳದ್ದನ್ನು ನೀವು ನೋಡಿದ್ದೀರಿ. ನಾಳೆ ಬೆಳಿಗ್ಗೆ ಅವಳಿಗೆ ಅದೇ ಸೀರೆ ಕೊಡಿ. ಇಸ್ತ್ರಿ ಮಾಡಬೇಡಿ.

ದವನ