ತೆಗೆಯದ ಉಸಿರು

ಗುರುಶಾಂತ,

‘ಪ್ರೀತಿಯ’ ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನೀನು ಗಗನಯಾತ್ರಿಗೆ ದನಿ ಕೊಟ್ಟ ನಮ್ಮ ಆಡಿಯೋ ನಾಟಕದ ಅಭಿಮಾನಿಗಳು ಇವತ್ತು ಬೇಗಂಪೇಟೆಯ ಇರಾನಿ ಹೋಟೆಲಿನಲ್ಲಿ ನನ್ನೆದುರೇ, ಇನ್ನೂ ಬಾರದ ಎರಡನೇ ಭಾಗದ ಬಗ್ಗೆ ಕಿತ್ತಾಡಿದರು.

“ಆ ಗಗನಯಾತ್ರಿ ಸತ್ತಿಲ್ಲರಿ, ಕೊನೀಗೆ ಉಸಿರು ಕೇಳಸ್ತೈತಿ,” ಎಂದಳು ಭಾಗ್ಯಶ್ರೀ.

“ಅದು ನೌಕೆಯೊಳಗಿನ ದೆವ್ವದ್ದು,” ಎಂದ ಲಿಂಗಣ್ಣ.

ದೆವ್ವದ್ದಲ್ಲ, ನಿನ್ನದು. ಕೊನೆಯ ಮಾತು ಮುಗಿಸಿ, ನನ್ನ ಮೇಲಿನ ಸಿಟ್ಟಿಗೆ ಮೈಕ್ ಕೂಡ ಆರಿಸದೆ ಎದ್ದು ಹೋದೆಯಲ್ಲ, ಆಗ ಬಿಟ್ಟ ನಿಟ್ಟುಸಿರು. ಆಮೇಲೆ ಒಂದು ಫೋನೂ ಮಾಡದ ಕಟುಕ ನೀನು.

ಎರಡನೇ ಭಾಗ ಬರುವುದೇ ಇಲ್ಲ ಎಂದು ನಾನು ಕೂಗಿದೆ.

“ಹಂಗಾದ್ರ ಆ ಉಸಿರು ತೆಗದುಬಿಡ್ರಿ. ಮಂದಿ ಸುಮ್ನ ಆಸೆ ಇಟ್ಕೊಂಡು ಕುಂತಾರ,” ಎಂದಳು ಭಾಗ್ಯಶ್ರೀ.

“ಅದಕ್ಕ ಕೈ ಹಚ್ಚಿದ್ರ ಕೈ ಮುರೀತೀನಿ,” ಎಂದೆ.