ಉಪ್ಪು ಹಚ್ಚಿದವರ ಹೆಸರು ಕೆತ್ತಿಸಿದ ಮಾನ್ಯರಿಗೆ

ಪುರಸಭೆಯ ಸ್ಮಾರಕ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ನನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದೀರಿ. ಅದನ್ನು ಅಳಿಸಿ. ಟ್ಯಾಲೊ ಪಾಯಿಂಟಿನ ಗ್ರೀಕ್ ಕ್ಲಬ್ಬಿನಲ್ಲಿ ವಿಚಾರಿಸಿ ನೋಡಿ, ಈ ಸ್ಟ್ರಾಟಿಸ್ ಮಾಮ ತನ್ನ ಹೆಸರು ಬೇಡವೆಂದದ್ದನ್ನು ಇದುವರೆಗೆ ಯಾರೂ ಕೇಳಿಲ್ಲ. ಮೀನು ಹಿಡಿಯುವ ಪಂದ್ಯದಲ್ಲಿ ನಾಲ್ಕನೆಯವನಾದಾಗಲೂ ಪತ್ರಿಕೆಗೆ ಫೋಟೋ ಕಳಿಸಿದವನು ನಾನು.

ಚರ್ಮ ಕಾರ್ಮಿಕರ ಸಂಘದ ಇತಿಹಾಸವೆಂದು ಉದ್ಯಾನದಲ್ಲಿ ನೀವು ನಿಲ್ಲಿಸಿರುವ ಕಲ್ಲು ಹೀಗೆನ್ನುತ್ತದೆ: 1964ರ ಮುಷ್ಕರದ ವೇಳೆ ಆರು ಮಂದಿ ಜವಾಬ್ದಾರಿಯುತ ಕಾರ್ಮಿಕರು ಕಾರ್ಖಾನೆಯ ಸ್ವತ್ತನ್ನು ಕಾಪಾಡಿ ಸೌಹಾರ್ದ ಮೆರೆದರು. ಮೊದಲ ಹೆಸರು ನನ್ನದು. ಮುಷ್ಕರವನ್ನು ಕಟ್ಟಿದ ಮರ್ಲ್ ಹ್ಯಾನಿಗನ್ ಹೆಸರು ಮೂಲೆಯಲ್ಲೂ ಇಲ್ಲ.

ಲೆಸ್ಬೋಸ್ ದ್ವೀಪದ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಓದಿದ್ದು ನಾಲ್ಕೇ ತರಗತಿ. ಆದರೂ ಸೌಹಾರ್ದಕ್ಕೂ ದ್ರೋಹಕ್ಕೂ ಬೇರೆ ಬೇರೆ ಪದಗಳಿವೆಯೆಂದು ಅಲ್ಲಿ ಕಲಿಸಿದ್ದರು. ತಮ್ಮ ವಿಶ್ವವಿದ್ಯಾಲಯದಲ್ಲಿ ಆ ಪಾಠ ಬಿಟ್ಟುಹೋಯಿತೇ?

ನಾವು ಕೇಳಿದ್ದು ಬಿಸಿನೀರು, ಮತ್ತು ಕೆಲಸದ ವೇಳೆಯಲ್ಲೇ ಮೈ ತೊಳೆಯಲು ಹತ್ತು ನಿಮಿಷ. ಬಸ್ಸಿನಲ್ಲಿ ನಾವು ಕೂತರೆ ಮೈಗಂಟಿದ ತೊಗಲಿನ ನಾತಕ್ಕೆ ಅಕ್ಕಪಕ್ಕದ ಸೀಟುಗಳು ಖಾಲಿಯಾಗುತ್ತಿದ್ದವು. ಸಂಘದ ಗಂಡಸರೆಲ್ಲ ಸೋಮವಾರವೇ ಕೆಲಸ ನಿಲ್ಲಿಸೋಣವೆಂದು ಮೇಜು ಗುದ್ದುತ್ತಿದ್ದೆವು. ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತು ನಮಗೆ ಚಹಾ ಮಾಡಬೇಕು, ಆಗಿನ ಪದ್ಧತಿ ಅದು. ಮರ್ಲ್ ಬಣ್ಣ ಹಾಕುವ ವಿಭಾಗದವಳು. ಕೆಟಲನ್ನು ಕೆಳಗಿಟ್ಟು ಹೇಳಿದಳು: "ಸೋಮವಾರ ಯಾಕ್ರಯ್ಯಾ? ಗುರುವಾರ ಕಸಾಯಿಖಾನೆ ಲಾರಿ ಬರುತ್ತೆ. ತೊಗಲು ಇಳಿಸಿಬಿಟ್ಟು ಹೊರಗೆ ಬನ್ನಿ. ಆಮೇಲೆ ನಾವು ಬಾಯಿ ಬಿಡೋದೇ ಬೇಡ, ತೊಗಲೇ ಮಾತಾಡುತ್ತೆ."

ಸಿಡ್ನಿಯ ಫೆಬ್ರವರಿ, ಬೇಸಿಗೆಯ ಸೆಕೆ. ಎಂಟುನೂರು ಹಸಿ ತೊಗಲು ಉಪ್ಪು ಕಾಣದೆ ತಗಡಿನ ಮಾಡಿನ ಕೆಳಗೆ ಬಿದ್ದಿದ್ದವು. ಶುಕ್ರವಾರ ಸಂಜೆಗೆ ಧಣಿಯ ಗುಮಾಸ್ತ ಗೇಟಿಗೆ ಬಂದು, ಏನು ಬೇಕಂತೆ ನಿಮಗೆ ಎಂದು ಮೆತ್ತಗೆ ವಿಚಾರಿಸಿ ಹೋದ. ಇನ್ನೊಂದೇ ದಿನ ಸುಮ್ಮನಿದ್ದಿದ್ದರೆ ಸಾಕಿತ್ತು.

ಸುಮ್ಮನಿರಲು ನಮಗೆ ಆಗಲಿಲ್ಲ ಮಾನ್ಯರೇ. ಇದು ತೊಗಲು ಮುಟ್ಟದವರಿಗೆ ತಿಳಿಯುವುದಲ್ಲ. ಬೆರಳು ತಾಗಿಸಿ ಹಸುವಿನ ವಯಸ್ಸು ಹೇಳುತ್ತಿದ್ದವನು ನಾನು, ಕೊಲ್ಲಿಯ ಈ ದಡದಲ್ಲಿ ನನ್ನಂಥ ಕೈ ಇರಲಿಲ್ಲ. ಶನಿವಾರ ಬೆಳಗ್ಗೆ ಗಾಳಿ ತಿರುಗಿತು, ಕೂದಲು ಸಡಿಲವಾಗುವ ಮುಂಚಿನ ಆ ವಾಸನೆ ಮೂಗಿಗೆ ಬಡಿಯಿತು. ಒಳ್ಳೆಯ ತೊಗಲು ಕಣ್ಣೆದುರೇ ಕೊಳೆಯುತ್ತಿದೆ. ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ಬೇಲಿ ನುಸುಳಿ ಒಳಹೊಕ್ಕರೆ ಮೇಸ್ತ್ರಿ ಉಪ್ಪಿನ ಕೋಣೆಯ ಬೀಗ ತೆಗೆದಿಟ್ಟುಕೊಂಡೇ ನಿಂತಿದ್ದ. ಮಧ್ಯಾಹ್ನದೊಳಗೆ ಎಂಟುನೂರಕ್ಕೂ ಉಪ್ಪು ಹಚ್ಚಿದೆವು. ಮೇಸ್ತ್ರಿ ನಮ್ಮ ಹೆಸರುಗಳನ್ನು ದಿನಚರಿಯಲ್ಲಿ ಬರೆದುಕೊಂಡ. ನಿಮ್ಮ ಪವಿತ್ರ ಆಕರಗ್ರಂಥ ಅದೇ.

ಹೊರಬರುವಾಗ ಮರ್ಲ್ ಬೇಲಿಯ ಬಳಿ ನಿಂತಿದ್ದಳು.

"ಎಲ್ಲದಕ್ಕೂ ಹಚ್ಚಿದ್ಯಾ ಸ್ಟ್ರಾಟಿಸ್?"

ಹೂಂ ಎಂದೆ.

"ಸರಿ ಹೋಗು, ಕೈ ತೊಳ್ಕೋ. ತಣ್ಣೀರಲ್ಲಿ."

ತೊಗಲು ಉಳಿಯಿತು, ಧಣಿಗೆ ಅವಸರ ತಪ್ಪಿತು. ಮತ್ತೆ ಹನ್ನೊಂದು ದಿನ ನಮ್ಮನ್ನು ಬಿಸಿಲಿಗೆ ಒಣಗಿಸಿ ಕೊನೆಗೆ ಗಂಡಸರಿಗಷ್ಟೇ ಬಿಸಿನೀರು ಕೊಟ್ಟ. ಮರ್ಲಳನ್ನು ಮಾತ್ರ ಒಳಗೆ ಸೇರಿಸಿಕೊಳ್ಳಬಾರದೆಂಬ ಷರತ್ತಿಗೆ ಸಂಘ ರುಜು ಹಾಕಿತು. ಆ ಸಭೆಯಲ್ಲಿ ನಾನೂ ಕೈ ಎತ್ತಿದೆ. ಅವಳು ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದಳು. ಬಿಸಿನೀರಿಗೆ ಅಲ್ಲಿ ಕೊರತೆಯಿರಲಿಲ್ಲ. ನಾನು ಅರವತ್ತು ವರ್ಷ ಕ್ಲಬ್ಬಿನಲ್ಲಿ ಕೂತು, ಮುಷ್ಕರ ಗೆದ್ದದ್ದು ನಾನೇ ಎಂದು ಕೊಚ್ಚಿಕೊಂಡೆ. ಉಪ್ಪಿನ ಸುದ್ದಿ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಕೆಲಸದವರು ನಿಲ್ಲಿಸುವಾಗಲೇ ಕಲ್ಲು ನೋಡಿ ಅದೇ ದಿನ ನಿಮ್ಮ ಕಚೇರಿಗೆ ಬಂದಿದ್ದೆ. ಕೌಂಟರಿನ ಹೆಂಗಸು, ನಿಮ್ಮ ಹೆಸರು ಇದೆಯಲ್ಲ ತಾತ, ಇನ್ನೇನು ತೊಂದರೆ ಎಂದರು. ಆಮೇಲೆ ತಮ್ಮ ಪತ್ರ ಬಂತು: ಶ್ರೀಮತಿ ಹ್ಯಾನಿಗನ್ ಕುರಿತು ಲಿಖಿತ ಆಧಾರ ಲಭ್ಯವಿಲ್ಲ. ಎಲ್ಲಿಂದ ಲಭ್ಯವಾಗಬೇಕು? ಹೆಂಗಸರ ಮಾತನ್ನು ನಮ್ಮ ಸಂಘ ನಡಾವಳಿಯಲ್ಲಿ ಬರೆಯುತ್ತಿರಲಿಲ್ಲ. ಬರೆಯದ ತಪ್ಪು ನಮ್ಮದು, ಅದನ್ನು ಕಲ್ಲಿಗೇರಿಸಿದ್ದು ತಾವು.

ಈ ಕಾಗದವನ್ನು ಇಲ್ಲಿಯವರೆಗೆ ಬರೆದು ಮೊನ್ನೆ ಮರ್ಲ್‌ಗೆ ಓದಿ ಹೇಳಿದೆ. ತೊಂಬತ್ತು ದಾಟಿದೆ ಅವಳಿಗೆ. ಕಣ್ಣು ಮುಚ್ಚಿಕೊಂಡು ಕೇಳಿದಳು. "ನೀನು ಉಪ್ಪು ಚೆನ್ನಾಗೇ ಹಚ್ಚಿದ್ದೆ ಬಿಡು. ಒಂದು ತೊಗಲೂ ಕೆಡಲಿಲ್ಲ," ಎಂದಳು. ನನ್ನ ಕೈಕೆಲಸವನ್ನು ಹೊಗಳಿದವರು ಬಹಳ ಮಂದಿ. ಆ ಹೊಗಳಿಕೆಯೊಂದನ್ನು ಹೊತ್ತು ಮನೆ ಸೇರುವುದು ಕಷ್ಟವಾಯಿತು.

ತಮಗೆ ಬೇಕಾದದ್ದು ಲಿಖಿತ ಆಧಾರ ತಾನೇ? ಈ ಕಾಗದ ತಮ್ಮ ಕೈಯಲ್ಲಿದೆ, ಕಡತಕ್ಕೆ ಸೇರಿಸಿ. ಮೇಸ್ತ್ರಿಯ ದಿನಚರಿಯನ್ನು ನಂಬುವವರು ಅದರಲ್ಲಿರುವ ಅಪರಾಧಿಯ ತಪ್ಪೊಪ್ಪಿಗೆಯನ್ನೂ ನಂಬಬೇಕು. ಅನಾವರಣಕ್ಕೆ ಇನ್ನು ಹತ್ತೊಂಬತ್ತು ದಿನ. ಅಷ್ಟರೊಳಗೆ ನನ್ನ ಹೆಸರು ಉಜ್ಜಿ ತೆಗೆದು ಅಲ್ಲಿ ಅವಳದನ್ನು ಕೆತ್ತಿಸಿ. ಅವಳು ಬದುಕಿರುವಾಗಲೇ ಕೆತ್ತಿಸಿ.

ಇಂತಿ, ಮರ್ಲ್ ಕ್ಷಮಿಸಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಇನ್ನೂ ಬಾರದ,
ಸ್ಟ್ರಾಟಿಸ್ ಕರಾಮನೋಸ್
ಟ್ಯಾಲೊ ಪಾಯಿಂಟ್, ಸಿಡ್ನಿ