ಭ್ರೂಣಗಳ ಕೋಣೆಗೆ ಬಣ್ಣ ಹೊಡೆಸಿದ ಸಾಹೇಬರಿಗೆ

ಆಸ್ಪತ್ರೆಗಳ ತಪಾಸಣೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಬರುತ್ತೀರೆಂದು ಆಸ್ಪತ್ರೆಯವರು ಗೋಡೆಗೆ ಬಣ್ಣ ಹೊಡೆಸಿದರು. ಆ ಗೋಡೆಯ ಹಿಂದೆ ಬೆಳೆಯುತ್ತಿದ್ದ ನನ್ನ ಐದು ಭ್ರೂಣಗಳು ಸತ್ತವು. ದೂರು ಇಷ್ಟೇ. ಮಿಕ್ಕಿದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಕೈಕೆಳಗಿನವರಿಂದ ಓದಿಸಿಕೊಳ್ಳಿ. ಅವರು ಒಳಗೊಳಗೇ ನಕ್ಕರೆ ಸಿಟ್ಟಾಗಬೇಡಿ.

ನಾನು ತಮ್ಮ ಕಚೇರಿಗೆ ಬಂದಾಗ ತಾವು ಕನ್ನಡಕ ಒರೆಸುತ್ತಾ ಕೇಳಿದಿರಿ: "ಅಲ್ಲಮ್ಮಾ, ಕಣ್ಣಿಗೇ ಕಾಣದ್ದು ಹೋಯ್ತು ಅಂತ ಇಷ್ಟೊಂದು ರಂಪಾನಾ? ಇನ್ನೊಂದ್ಸಲ ಮಾಡಿಸ್ಕೊಂಡ್ರಾಯ್ತು." ಇನ್ನೊಂದು ಸಲ ಎಂಬುದಿಲ್ಲ ಸ್ವಾಮಿ. ನನ್ನ ಅಂಡಾಶಯಗಳಲ್ಲಿ ಗಡ್ಡೆ ಇತ್ತು. ಅವನ್ನು ಕತ್ತರಿಸಿ ತೆಗೆಯುವ ಮೊದಲು ಇದ್ದಬದ್ದ ಅಂಡಗಳನ್ನೆಲ್ಲ ಹೊರತೆಗೆದು, ಗಂಡನ ವೀರ್ಯಾಣುಗಳ ಜೊತೆ ಕೂಡಿಸಿ, ಕಾವುಪೆಟ್ಟಿಗೆಯಲ್ಲಿ ಬೆಳೆಯಲು ಇಟ್ಟಿದ್ದರು. ಬೆಳೆದ ಮೇಲೆ ಶೀತದಲ್ಲಿ ಕಾಪಾಡಿಡುವುದು, ನಾನು ಚೇತರಿಸಿಕೊಂಡಾಗ ಗರ್ಭಕ್ಕೆ ಸೇರಿಸುವುದು ಎಂದು ಮಾತಾಗಿತ್ತು. ಈಗ ಅಂಡಾಶಯವೂ ಇಲ್ಲ, ಅಂಡವೂ ಇಲ್ಲ. ಗರ್ಭ ಮಾತ್ರ ಖಾಲಿ ಕೂತಿದೆ.

ಆ ಕಣ್ಣಿಗೆ ಕಾಣದ್ದು ಒಳಗೆ ಏನು ಮಾಡುತ್ತಿತ್ತು ಗೊತ್ತೇ? ನಾನು ಏಳನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು; ತಮಗಾಗಿ ಇನ್ನೆರಡು ತರಗತಿ ಕೆಳಗಿಳಿದು ಹೇಳುತ್ತೇನೆ. ಅಂಡದೊಳಕ್ಕೆ ಒಂದು ವೀರ್ಯಾಣು ಹೊಕ್ಕಿತೆಂದರೆ ಬಾಗಿಲು ಮುಚ್ಚಿತು; ಎರಡನೆಯದು ಯಾರ ಶಿಫಾರಸು ತಂದರೂ ಪ್ರವೇಶವಿಲ್ಲ. ಅಮ್ಮನ ಪಾಲು, ಅಪ್ಪನ ಪಾಲು ಬೆರೆತು ಒಂದೇ ಒಂದು ಜೀವಕೋಶ. ಅದು ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. ಗಾತ್ರ ಬೆಳೆಯುವುದಿಲ್ಲ, ಅದೇ ಪೊರೆಯೊಳಗೆ ಮೈ ಹಂಚಿಕೊಳ್ಳುತ್ತಾ ಹೋಗುತ್ತದೆ. ಅಲ್ಲಿಯವರೆಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಜೀವನ. ಆಮೇಲೆ ತನ್ನ ಸಂಸಾರ ತಾನೇ ನೋಡಿಕೊಳ್ಳಲು ಕಲಿಯುತ್ತದೆ. ಕೋಶಗಳು ಒತ್ತಾಗಿ ಅಂಟಿಕೊಂಡು ಹಿಪ್ಪುನೇರಳೆ ಹಣ್ಣಿನಂತಾಗುತ್ತವೆ, ನಡುವೆ ನೀರು ತುಂಬುತ್ತದೆ, ಒಳಗಿನ ಗುಂಪು ಮಗುವಾಗಲು, ಹೊರಗಿನ ಸಾಲು ಮಗುವನ್ನು ಪೋಷಿಸುವ ಮಾಸುಚೀಲವಾಗಲು ಬೇರೆಯಾಗುತ್ತವೆ. ಎಂಟು ಕೋಶದ ಹೊತ್ತಿಗೆ ಯಾವುದು ಕಣ್ಣು, ಯಾವುದು ಕರುಳು ಎಂದು ಇನ್ನೂ ತೀರ್ಮಾನವಾಗಿರುವುದಿಲ್ಲ. ತಾವೂ ಒಮ್ಮೆ ಹಾಗೇ ಇದ್ದಿರಿ. ಆಗ ತಮ್ಮ ತಾಯಿಯ ಹೊಟ್ಟೆಯ ತಪಾಸಣೆಗೆ ಯಾವ ಸಾಹೇಬರೂ ಬರಲಿಲ್ಲ. ಬಂದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಯೋಚನೆಯಿಂದ ನನಗೆ ಸುಖವಾಗುತ್ತದೆ.

ನನ್ನವು ಎಂಟಕ್ಕೆ ನಿಂತವು. ಐದೂ. ಆ ಪ್ರಯೋಗಾಲಯದ ಭ್ರೂಣತಜ್ಞೆ ಮೈಗೆ ಸೆಂಟು, ಪೌಡರ್ ಹಾಕುವುದಿಲ್ಲ. ವಾಸನೆಯ ಸೋಪಿನಲ್ಲಿ ಕೈ ತೊಳೆಯುವುದೂ ಇಲ್ಲ. ಗಾಳಿಯಲ್ಲಿ ತೇಲಿಬರುವ ಅಂಥ ಆವಿಯನ್ನು ಭ್ರೂಣ ತಡೆಯಲಾರದು. ಆಕೆ ಮನೆಗೆ ಹೋದ ಮೇಲೆ ಬಾಗಿಲ ಸುತ್ತಲಿನ ಗೋಡೆಗೆ ಎಣ್ಣೆಬಣ್ಣ ಬಳಿಯಲಾಯಿತು. ಏಕೆಂದರೆ ತಾವು ಮ್ಯಾನೇಜರಿಗೆ ಫೋನ್ ಮಾಡಿ, "ಹೋದ್ಸಲ ಗೋಡೆ ಕೊಳಕಾಗಿತ್ತು, ನಾನು ಬರೋ ಹೊತ್ತಿಗೆ ಫಳಫಳ ಅನ್ಬೇಕು" ಎಂದಿದ್ದಿರಿ. ಮರುದಿನ ಬೆಳಿಗ್ಗೆ ಆಕೆ ಮೂಗು ಮುಚ್ಚಿಕೊಂಡು ಒಳಗೋಡುವಾಗ ತಾವು ಹೊರಗೆ ನಿಂತು ಗೋಡೆಯನ್ನು ಹೊಗಳುತ್ತಿದ್ದಿರಿ. "ಇದೇ ಕಾರಣ ಅಂತ ಆಣೆ ಇಟ್ಟು ಹೇಳಲಾರೆ ಅಕ್ಕಾ, ಆದ್ರೆ ಎಲ್ಲಾ ಒಟ್ಟಿಗೆ ನಿಂತಿದ್ದು ನಾನು ನೋಡೇ ಇಲ್ಲ" ಎಂದು ಆಮೇಲೆ ನನ್ನ ಕೈ ಹಿಡಿದು ಅತ್ತಳು.

ಇನ್ನು ತಮ್ಮ ನ್ಯಾಯಪಾಲನೆಯ ವಿಷಯ. ಅನುಮತಿಯಿಲ್ಲದೆ ಬಣ್ಣ ಹೊಡೆದ ಹೊರಗಿನ ಪೇಂಟರನ್ನು ಪತ್ತೆಹಚ್ಚಿ ಕಠಿಣ ಕ್ರಮ ಕೈಗೊಳ್ಳುವುದಾಗಿ ನನಗೆ ಉತ್ತರ ಕಳಿಸಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಪತ್ತೆಹಚ್ಚುವ ಶ್ರಮ ಬೇಡ. ಆ ಪೇಂಟರು ನನ್ನ ಗಂಡ. ದಿನವೂ ಕೆಲಸ ಮುಗಿಸಿ, ಪ್ರಯೋಗಾಲಯದ ಎದುರಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಮನೆಗೆ ಬರುತ್ತಿದ್ದರು. "ಸುಮ್ನೆ ಕೂತಿದ್ದೀರಲ್ಲಾ ಮೇಸ್ತ್ರಿ, ನಾಳೆ ಸಾಹೇಬ್ರು ಬರ್ತಾರೆ, ಗೋಡೆಗೊಂದು ಕೈ ಹೊಡೆದುಬಿಡಿ" ಎಂದರಂತೆ ಮ್ಯಾನೇಜರು. ಆ ಸಂಜೆ ಮನೆಗೆ ಬಂದವರೇ, ಸೀಮೆಎಣ್ಣೆ ಬಟ್ಟೆಯಲ್ಲಿ ಬೆರಳು ಒರೆಸುತ್ತಾ, "ಮಕ್ಕಳ ಕೋಣೆ ಕಣೇ, ಕೂಲಿ ಬೇಡ ಅಂದೆ. ಒಂದು ಕೋಟ್ ಸಾಲಲ್ಲ ಅಂತ ಎರಡು ಹೊಡೆದೆ" ಎಂದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಕಂಡದ್ದು ಅದೇ ಕೊನೆ.

ಅವರಿಗೆ ಇನ್ನೂ ಗೊತ್ತಿಲ್ಲ. ಎಲ್ಲ ಹಣೆಬರಹ ಎಂದುಕೊಂಡು ನನಗೇ ಸಮಾಧಾನ ಹೇಳುತ್ತಾರೆ. ಅವರು ತಲೆ ಸವರಿದರೆ ಆ ಕೈ ಕಂಡು ಒಮ್ಮೊಮ್ಮೆ ಅಸಹ್ಯವಾಗುತ್ತದೆ, ಅಸಹ್ಯಪಟ್ಟಿದ್ದಕ್ಕೆ ಅಳು ಬರುತ್ತದೆ.

ನನಗೆ ಪರಿಹಾರ ಬೇಡ, ಯಾರ ಅಮಾನತೂ ಬೇಡ. ತಾವು ನಮ್ಮ ಮನೆಗೆ ಬರಬೇಕು. ಅವರ ಎದುರು ಕೂತು, ಒಂದು ಎರಡಾಗಿದ್ದು, ನಾಲ್ಕು ಎಂಟಾಗಿದ್ದು ಎಲ್ಲವನ್ನೂ ತಮ್ಮ ಬಾಯಿಂದಲೇ ಹೇಳಬೇಕು. ಆಮೇಲೆ ಬಣ್ಣದ ವಿಷಯ ಹೇಳಬೇಕು. ಹೇಳುವಾಗ ಅವರ ಮುಖ ಬಿಟ್ಟು ಬೇರೆ ಕಡೆ ನೋಡಕೂಡದು. ತಡಮಾಡಬೇಡಿ. ಅವರು ಪತ್ರಿಕೆ ಓದುವವರಲ್ಲ. ಆದರೆ ಬಣ್ಣ ಚೆಲ್ಲದಂತೆ ನೆಲಕ್ಕೆ ಹಳೆಯ ಪತ್ರಿಕೆ ಹಾಸುವಾಗ ಬಗ್ಗಿ ಒಂದೆರಡು ಸಾಲು ಓದುವ ಅಭ್ಯಾಸವಿದೆ. ನನ್ನ ಈ ಪತ್ರ ಅಚ್ಚಾದ ಪತ್ರಿಕೆಯೂ ನಾಳೆಗೆ ಹಳೆಯದಾಗುತ್ತದೆ.

ಇಂತಿ,
ತಾವು ಹುಡುಕುತ್ತಿರುವ ಅಪರಾಧಿಯ ಹೆಂಡತಿ